ಒರೆ ನೋಡುತ್ತಿದ್ದವನ ನಂಬರು

ಭಾನುವಾರ ಹನ್ನೊಂದು–ಒಂಬತ್ತಕ್ಕೆ ಗೆದ್ದು
ಬೆವರೊರೆಸಿಕೊಂಡು ಫೋನು ತೆಗೆದರೆ
ನನ್ನ ನಂಬರು ಇಳಿದಿದೆ.
ಮೂರು ಬಿಂದು ನಾಲ್ಕು ಒಂದು ಎರಡು ಇದ್ದದ್ದು
ಮೂರು ಬಿಂದು ಮೂರು ಎಂಟು ಏಳು.

ಗೆದ್ದವನಿಗೆ ದಂಡವೇ, ಎಂದೆ.
ತಂಗಿಯ ಮೊಮ್ಮಗಳು ಶಾಲ್ಮಲಿ ದೋಸೆ ಮಗುಚುತ್ತಲೇ ಕೇಳಿದಳು:
ಎದುರಿಗಿದ್ದವರು ಯಾರಜ್ಜ?
ಎರಡೂವರೆಯ ಹುಡುಗರು.
ಹಾಗಾದರೆ ಹನ್ನೊಂದು–ಮೂರಕ್ಕೆ ಮುಗಿಸಬೇಕಿತ್ತು ನೀವು.
ಅದು ಗೆಲುವು ನೋಡುವುದಿಲ್ಲ,
ಅಂದಾಜು ಎಷ್ಟಿತ್ತು, ಆದದ್ದೆಷ್ಟು, ಅಷ್ಟೇ.

ಅಂದಾಜು!
ನಲವತ್ತೊಂದು ವರ್ಷ ಝವೇರಿ ಬಜಾರಿನಲ್ಲಿ
ಅಂದಾಜಿನ ಅನ್ನವನ್ನೇ ಉಂಡವನು ನಾನು.
ಬಳೆಯ ಅಂಚನ್ನು ಕಪ್ಪು ಕಲ್ಲಿಗೆ ಉಜ್ಜಿ
ಪಕ್ಕದಲ್ಲೇ ಗೊತ್ತಿರುವ ಚಿನ್ನದ ಕಡ್ಡಿಯ ಗೆರೆ ಎಳೆದು
ಮೇಲೊಂದು ಹನಿ ಆಸಿಡ್ಡು.
ಯಾವ ಗೆರೆ ಮೊದಲು ಮಸುಕಾಗುತ್ತದೆಂದು
ಉಸಿರು ಹಿಡಿದು ಕಾಯುವುದು.
ಇಪ್ಪತ್ತೆರಡು ಅಂದರೆ ಇಪ್ಪತ್ತೆರಡು,
ನನ್ನ ಬಾಯಿಂದ ಬಂದದ್ದೇ ಬೆಲೆ.
ಆಮೇಲೆ ರೊಟ್ಟಿ ಡಬ್ಬಿಯಷ್ಟು ದೊಡ್ಡ ಯಂತ್ರ ಬಂತು,
ಅರ್ಧ ನಿಮಿಷಕ್ಕೆ
ತೊಂಬತ್ತೊಂದು ಬಿಂದು ಆರು ಎರಡು.
ಶೇಠಜಿ ನನಗೆ ಶಾಲು ಹೊದಿಸಿದರು.

ದಶಾಂಶದ ಮೇಲೆ ನನಗೆ ಹಳೇ ಸಿಟ್ಟು.

ಆದರೂ ಲೋವರ್ ಪರೇಲಿನ ಪಾರ್ಕಿಂಗ್ ಕಟ್ಟಡದ
ಏಳನೇ ಮಹಡಿಯಲ್ಲಿ, ಹಸಿರು ಬಳಿದ ಸಿಮೆಂಟಿನ ಬದಿಗೆ ಕೂತು
ಟಕ್ ಟಕ್ ಕೇಳುತ್ತ ಒಂದು ಸಂಜೆ ಹೊಳೆಯಿತು:
ಒಂಟಿ ಗೆರೆಗೆ ಬಣ್ಣವಿಲ್ಲ.
ಬುಧವಾರ ನಾಲ್ಕರ ಮೇಲಿನವರಿಬ್ಬರ ಎದುರು
ಏಳು–ಹನ್ನೊಂದಕ್ಕೆ ಸೋತೆ, ನಂಬರು ಏರಿತು.
ಸೋತು ಏರಿದ ಖುಷಿ ಯಾರಿಗೆ ಹೇಳಲಿ?
ಲಿಫ್ಟಿನವನಿಗೆ ಹೇಳಿದೆ.
ಲಾಟರಿಯಾ ಕಾಕಾ, ಅಂದ.

ಕಿರೀಟ್ ಗಾಲಾನ ಕತೆ ಬೇರೆ.
ಘಾಟ್ಕೋಪರಿನಲ್ಲಿ ಟೂರ್ನಮೆಂಟು, ಮೂರಕ್ಕಿಂತ ಕೆಳಗಿನವರಿಗೆ ಮಾತ್ರ,
ಬಹುಮಾನ ಹದಿನೈದು ಸಾವಿರ ಮತ್ತೊಂದು ಮಿಕ್ಸರು.
ತಿಂಗಳಿಂದ ಚೆಂಡನ್ನು ನೆಟ್ಟಿಗೇ ಬಡಿಯುತ್ತಿದ್ದಾನೆ,
ಅಯ್ಯೋ ಭುಜ, ಅಯ್ಯೋ ಬಿಸಿಲು.
ತಾಮ್ರ ಬೆರೆಸಿ ಅಪರಂಜಿ ಎಂದವರನ್ನು ಕಂಡಿದ್ದೇನೆ,
ಒಳಗೆ ಅರಗು ತುಂಬಿ ಗಟ್ಟಿ ಎಂದು ಆಣೆ ಇಟ್ಟವರನ್ನೂ.
ಚಿನ್ನವೇ ಬಂದು
ನಾನು ಹಿತ್ತಾಳೆ ಎಂದು ಗೋಳಾಡಿದ್ದನ್ನು ಮಾತ್ರ
ಇಲ್ಲೇ ಮೊದಲು ಕಂಡದ್ದು.

ಕಿಚನ್ನಿನ ಗೆರೆಗೆ ಬಂದು ನಿಂತೆ.
ಕಿಚನ್ ಎಂದರೆ ಒಲೆಯಿಲ್ಲ ಇಲ್ಲಿ,
ನೆಟ್ಟಿನ ಈಚೆಗೂ ಆಚೆಗೂ ಏಳೇಳಡಿ,
ಒಳಗೆ ನಿಂತು ಗಾಳಿಯ ಚೆಂಡು ಮುಟ್ಟುವಂತಿಲ್ಲ.
ಮೆತ್ತಗೆ ಒಂದು, ಮೆತ್ತಗೆ ಇನ್ನೊಂದು,
ತೊಟ್ಟಿಲು ತೂಗಿದ ಹಾಗೆ ಹತ್ತೊಂಬತ್ತು.
ಇಪ್ಪತ್ತನೆಯದನ್ನು ಅವನ ಎದೆಗೇ ಬಿಟ್ಟೆ.
ನಾಟಕಕ್ಕೆ ಹೊತ್ತಿರಲಿಲ್ಲ ಕೈಗೆ.
ಮಣಿಕಟ್ಟು ತಾನೇ ಸಡಿಲಾಗಿ
ಚೆಂಡನ್ನು ಬೆಣ್ಣೆಯ ಮುದ್ದೆಯಂತೆ
ನನ್ನ ಕಾಲ ಬುಡಕ್ಕೆ ಇಳಿಸಿಬಿಟ್ಟಿತು.
ಅವನು ನನ್ನನ್ನು ನೋಡಿದ.
ನಾನು ಬಗ್ಗಿ ಚೆಂಡು ಹೆಕ್ಕಿಕೊಂಡೆ.
ಮೂರು ಬಿಂದು ಆರಕ್ಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲ.
ಯಾರಿಗೂ ಹೇಳಲಿಲ್ಲ; ಬಜಾರಿನ ಅಭ್ಯಾಸ,
ಗಿರಾಕಿಯ ಎದುರಿಗೇ ಹೇಳುವುದು, ಬೀದಿಯಲ್ಲಲ್ಲ.
ನೀರು ಕುಡಿಯುವಾಗ ಹೇಳಿದೆ.
ಮಿಕ್ಸರು ಹೆಂಡತಿಗೆ ಬೇಕಂತೆ.

ಖೊರ್ಶೆದ್‌ಬಾಯಿಗೆ ನಂಬರೇ ಇಲ್ಲ.
ವಯಸ್ಸು ಎಪ್ಪತ್ತೆರಡು, ಎರಡೂ ಮಂಡಿಗೆ ಪಟ್ಟಿ,
ಫೋನು ಗುಂಡಿ ಒತ್ತುವಂಥದ್ದು.
ಹೊಸಬರು ಯಾರೇ ಬರಲಿ ಮೊದಲ ಆಟ ಅವರ ಜೊತೆ.
ನಾಲ್ಕು ಚೆಂಡು ಆಡಿಸಿ, ಗುಜರಾತಿಯಲ್ಲಿ ಗೊಣಗಿ,
ಆ ಕೋರ್ಟಿಗೆ ಹೋಗು, ನೀನು ಈ ಕೋರ್ಟಿಗೆ ಎನ್ನುತ್ತಾರೆ.
ಆರು ತಿಂಗಳು ಲೆಕ್ಕ ಹಾಕಿ ಫೋನು ಹೇಳುವುದೂ
ಹೆಚ್ಚುಕಡಿಮೆ ಅದನ್ನೇ.

ನನ್ನ ಕಲ್ಲು ಠಾಕೂರ್‌ದ್ವಾರದ ಮನೆಯ ಕಪಾಟಿನಲ್ಲಿದೆ,
ಬನಿಯನ್ನಿನ ತುಂಡಿನಲ್ಲಿ ಸುತ್ತಿ.
ಎಷ್ಟು ಸಾವಿರ ಬಳೆಗಳ ಗೆರೆ ಹೊತ್ತದ್ದು,
ತಿಕ್ಕಿ ತೊಳೆದು ಎಣ್ಣೆ ಸವರಿದರೆ ಮತ್ತೆ ಕಪ್ಪು.
ಅದು ಎಷ್ಟು ಕ್ಯಾರೆಟ್ಟು ಎಂದು
ಯಾರೂ ಕೇಳಿರಲಿಲ್ಲ.

ಅಣ್ವೇಕರ್, ನಿದ್ದೆಯಾ? ಸರ್ವ್ ನಿನ್ನದು,
ಎನ್ನುತ್ತಾರೆ ಬಾಯಿ.
ಚೆಂಡಿನ ತೂತುಗಳಲ್ಲಿ ಸಮುದ್ರದ ಗಾಳಿ.
ಸೊನ್ನೆ, ಸೊನ್ನೆ, ಎರಡು,
ಎಂದು ಕೂಗುತ್ತೇನೆ.